ಊರಹಬ್ಬದ ನೀರು, ಮದುವೆಯ ಮುಯ್ಯಿ ಪುಸ್ತಕ: ವಾಂತಿಭೇದಿ ತಡೆಯುವ ಕೆಲಸದಲ್ಲಿ ನನ್ನ ಅನುಭವ

ವಾಂತಿಭೇದಿ ಎಂದು ಆಶಾ ಕಾರ್ಯಕರ್ತೆಯಿಂದ ಫೋನ್ ಬಂದರೆ ನಾನು ಮೊದಲು ಕೇಳುವುದು, 'ಹಿಂದಿನ ಐದು ದಿನದಲ್ಲಿ ಊರಲ್ಲಿ ಏನು ನಡೀತು?' ಎಂದು. ಮಾರಿಹಬ್ಬವೋ, ಮದುವೆಯೋ, ತಿಥಿಯೋ? ಕಾಲರಾ ರೋಗಾಣು ಮೈಸೇರಿ ಕೆಲವೇ ಗಂಟೆಗಳಿಂದ ಐದು ದಿನದೊಳಗೆ ಭೇದಿ ಶುರುವಾಗುತ್ತದೆ. ಅದಕ್ಕೇ ಐದು ದಿನದ ಲೆಕ್ಕ.

ಹಬ್ಬ ಗೊತ್ತಾದ ಊರಾದರೆ ಮೂರು ದಿನ ಮುಂಚೆ, ಊರಿಗೆ ನೀರು ಬಿಡುವ ನೀರುಗಂಟಿಯ ಜೊತೆ ಪೈಪಿನ ದಾರಿಯುದ್ದಕ್ಕೂ ನಡೆಯುತ್ತೇನೆ. ನೀರು ಏರದ ಬೀದಿಗಳಲ್ಲಿ ಜನ ಗುಂಡಿ ತೋಡಿ ನಲ್ಲಿಯನ್ನು ತಗ್ಗಿಸಿಕೊಂಡಿರುತ್ತಾರೆ. ನೀರು ಬಿಡುವುದು ನಿಂತೊಡನೆ ಆ ಗುಂಡಿಯ ಕೊಳಕು ಪೈಪಿನೊಳಕ್ಕೆ ಎಳೆದುಕೊಳ್ಳುತ್ತದೆ. ಚರಂಡಿಯೊಳಗೆ ಹಾದ ಪೈಪಿನ ಕಥೆಯೂ ಅದೇ.

ಆಮೇಲೆ ಟ್ಯಾಂಕಿನ ನೀರಿನ ರೋಗಾಣು ಕೊಲ್ಲುವ ಕೆಲಸ. ತಾಜಾ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ಸಾವಿರ ಲೀಟರಿಗೆ 2.5 ಗ್ರಾಂ, ಅಂದರೆ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ, ಕನಿಷ್ಠ ಲೆಕ್ಕ. ಚೀಲದ ಬಾಯಿ ತೆರೆದಿಟ್ಟು ಗಂಟುಗಟ್ಟಿದ ಪುಡಿಯನ್ನು ನಂಬುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ, ಮೇಲೆ ನೀರು ತುಂಬಿ, ಹತ್ತು ನಿಮಿಷ ಬಿಟ್ಟು ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು. ಅಡಿಯ ಸುಣ್ಣ ಬೇಡ. ಅರ್ಧ ಗಂಟೆ ಕಳೆದ ಮೇಲೆ ವಾಲ್ವ್ ತಿರುಗಿಸುವುದು. ಪರೀಕ್ಷೆ ಮಾತ್ರ ಟ್ಯಾಂಕಿನ ಬುಡದಲ್ಲಿ ಮಾಡುವುದಲ್ಲ, ಕೊನೆಯ ಮನೆಯ ನಲ್ಲಿಯಲ್ಲಿ. ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ಪರೀಕ್ಷಾ ದ್ರಾವಣದ ಹನಿ ಹಾಕಿದ ತಕ್ಷಣ ಹಳದಿ ಬಣ್ಣ 0.5 ಪಿಪಿಎಂ (ಲೀಟರಿಗೆ ಅರ್ಧ ಮಿಲಿಗ್ರಾಂ) ತೋರಿಸದಿದ್ದರೆ ಪುಡಿ ಹೆಚ್ಚಿಸಿ ಮತ್ತೆ ನೋಡುತ್ತೇನೆ. ನೆಂಟರು ತುಂಬಿದ ದಿನ ಟ್ಯಾಂಕ್ ನಾಲ್ಕು ಸಲ ತುಂಬಿದರೆ ನಾಲ್ಕು ಸಲವೂ ಹಾಕಬೇಕು. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನದ ನೀರಿಗೆ ಆಗುವುದಿಲ್ಲ. ಹೆಚ್ಚು ಊರುಗಳಲ್ಲಿ ಎಡವುವುದು ಇಲ್ಲೇ.

ಪಾನಕದ ಲೆಕ್ಕ ಬೇರೆ. ಬೆಲ್ಲ ಹಾಕಿದ ಮೇಲೆ ಬ್ಲೀಚಿಂಗ್ ಹಾಕಿದರೆ ಬೆಲ್ಲವೇ ಕ್ಲೋರಿನ್ ತಿಂದುಬಿಡುತ್ತದೆ. ನೀರಿಗೆ ಹಾಕಿ ಅರ್ಧ ಗಂಟೆ ಕಾದು, ಆಮೇಲೆ ಬೆಲ್ಲ. ಮಜ್ಜಿಗೆಗೆ ಹಿಂದಿನ ರಾತ್ರಿ ಕುದಿಸಿ ಮುಚ್ಚಿಟ್ಟ ನೀರು. ಐಸ್ ಗಡ್ಡೆ ಬೇಡವೇ ಬೇಡ. ಡ್ರಮ್ಮಿಗೆ ಚೊಂಬು ಅದ್ದುವ ಕೈಯೇ ಮುಖ್ಯ ಶತ್ರು, ನಲ್ಲಿಯಿರುವ ಡ್ರಮ್ ತರಿಸುತ್ತೇನೆ. ತೀರ್ಥಕ್ಕೆ ಕಲ್ಯಾಣಿಯ ನೀರೇ ಆಗಬೇಕು, ಔಷಧಿ ವಾಸನೆ ಬರಬಾರದು ಎಂದು ಪೂಜಾರಪ್ಪ ಪಟ್ಟು ಹಿಡಿದರೆ ವಾದ ಮಾಡುವುದಿಲ್ಲ. 'ಸ್ವಾಮಿ, ಕುದಿಸಿ ಆರಿಸಿ ತುಳಸಿ ಹಾಕಿ' ಎನ್ನುತ್ತೇನೆ. ಅದಕ್ಕೆ ಒಪ್ಪುತ್ತಾರೆ.

ಮದುವೆ ಮನೆಯಿಂದ ಹಬ್ಬಿದ್ದರೆ ನನಗೆ ಬೇಕಾದ ದಾಖಲೆ ಮುಯ್ಯಿ ಪುಸ್ತಕ. ಹೆಸರು, ಊರು, ಕೊಟ್ಟ ಹಣ ಎಲ್ಲ ಅದರಲ್ಲಿರುತ್ತದೆ. ಹಣದ ಕಾಲಂ ಮುಚ್ಚಿಕೊಂಡು ಊರುಗಳನ್ನಷ್ಟೇ ಬರೆದುಕೊಳ್ಳುತ್ತೇನೆ ಎಂದರೆ ಮನೆ ಯಜಮಾನರು ಕೊಡುತ್ತಾರೆ. ಉಂಡು ಹೋದವರಿಗೆ ಭೇದಿ ಶುರುವಾಗುವುದು ಅವರವರ ಊರಲ್ಲಿ, ಬೇರೆ ಬೇರೆ ಆಸ್ಪತ್ರೆಗಳ ವ್ಯಾಪ್ತಿಯಲ್ಲಿ. ಆ ಕಡೆಯವರಿಗೆ ಅವತ್ತೇ ಫೋನ್ ಹೋಗಬೇಕು. ಆದರೆ ಆ ಪುಸ್ತಕದಲ್ಲಿ ಹೆಂಗಸರೂ ಮಕ್ಕಳೂ ಇರುವುದಿಲ್ಲ. 'ಜೊತೆಗೆ ಯಾರ‍್ಯಾರು ಬಂದಿದ್ರು?' ಎಂದು ಕೇಳಲೇಬೇಕು.

ರೋಗಿಯ ಮನೆಯಲ್ಲಿ 'ನೀರು ಕೊಟ್ಟರೆ ಇನ್ನೂ ಹೋಗುತ್ತೆ' ಎಂಬ ಹಿರಿಯರ ಮಾತು ಭೇದಿಗಿಂತ ಬೇಗ ಕೊಲ್ಲುತ್ತದೆ. ಓಆರ್‌ಎಸ್ ಪೊಟ್ಟಣವನ್ನು ಲೋಟಕ್ಕೆ ಚಿಟಿಕೆಯಂತೆ ಹಾಕುತ್ತಾರೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ, 24 ಗಂಟೆಯಲ್ಲಿ ಮುಗಿಯದ್ದನ್ನು ಚೆಲ್ಲಬೇಕು. ಮಲದ ಮಾದರಿಯನ್ನು ಆಂಟಿಬಯಾಟಿಕ್ ಕೊಡುವ ಮೊದಲೇ ತೆಗೆಯಬೇಕು. ರೋಗಿಯ ಬಟ್ಟೆ ಕೆರೆಗೆ ಹೋಗಕೂಡದು, ಮನೆಯಲ್ಲೇ ಕುದಿಯುವ ನೀರಿಗೆ.

ಸಾವಾದರೆ ಮೈತೊಳೆಯುವ ಶಾಸ್ತ್ರವನ್ನು ನಿಲ್ಲಿಸಲಾಗದು. ಲೀಟರಿಗೆ 15 ಗ್ರಾಂ ಬ್ಲೀಚಿಂಗ್ ಪುಡಿ ಹಾಕಿದ ನೀರು, ಕೈಗವಸು, ಇಬ್ಬರೇ ಜನ. ಆ ಇಬ್ಬರು ಅಡುಗೆಗೆ ಕೈ ಹಾಕಬಾರದು. ಸತ್ತ ಮನೆಯಲ್ಲಿ ಒಲೆ ಹಚ್ಚದೆ ನೆಂಟರು ಊಟ ತರುವ ಪದ್ಧತಿ ಇರುವ ಕಡೆ ಅದು ನಮಗೆ ಅನುಕೂಲವೇ. ಮೂರನೇ ದಿನ ಹಾಲುತುಪ್ಪಕ್ಕೆ ಜನ ಮತ್ತೆ ಸೇರುತ್ತಾರೆ, ಐದು ದಿನ ಇನ್ನೂ ಮುಗಿದಿರುವುದಿಲ್ಲ. ಅವತ್ತು ಬೆಳಿಗ್ಗೆ ಕ್ಲೋರೋಸ್ಕೋಪ್ ಹಿಡಿದು ಅದೇ ಬೀದಿಯ ಕೊನೆಯ ನಲ್ಲಿಗೆ ಹೋಗುತ್ತೇನೆ.