ಹಲ್ಲೆ ಪ್ರಕರಣದಲ್ಲಿ ಚೆಕ್‌ರೋಲ್ ಸಾಕ್ಷ್ಯವಾದಾಗ: ನನ್ನ ಅನುಭವ

ಮೂಡಿಗೆರೆಯಲ್ಲಿ ಹಲ್ಲೆಗೊಳಗಾದವರ ಪರವಾಗಿ ಸರ್ಕಾರಿ ಅಭಿಯೋಜಕರಿಗೆ ನೆರವಾಗುತ್ತಾ ಬಂದಿರುವ ವಕೀಲನಾಗಿ, ಗಾಯಾಳುವನ್ನು ನಾನು ಮೊದಲು ಕೇಳುವುದು, ಪೆಟ್ಟು ಬಿದ್ದ ಮೇಲೆ ಎಷ್ಟು ದಿನ ಕೆಲಸಕ್ಕೆ ಹೋಗಲಾಗಲಿಲ್ಲ ಎಂದು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ತೀವ್ರ ಸ್ವರೂಪದ ಗಾಯಗಳನ್ನು ಎಂಟು ಬಗೆಯಾಗಿ ಹೇಳುತ್ತದೆ. ಕಣ್ಣು ಅಥವಾ ಕಿವಿಯ ಶಕ್ತಿ ಶಾಶ್ವತವಾಗಿ ಹೋಗುವುದು, ಮುಖ ವಿಕಾರವಾಗುವುದು, ಮೂಳೆ ಅಥವಾ ಹಲ್ಲು ಮುರಿಯುವುದು ಮುಂತಾದವು ಕಣ್ಣಿಗೆ ಕಾಣುವಂಥವು. ಎಂಟನೆಯದರಲ್ಲಿ, ಜೀವಕ್ಕೆ ಅಪಾಯ ತರುವ ಗಾಯದ ಜೊತೆಗೆ, 15 ದಿನಗಳ ಕಾಲ ತೀವ್ರವಾದ ದೈಹಿಕ ನೋವು ಕೊಡುವ ಇಲ್ಲವೇ ನಿತ್ಯದ ಕೆಲಸ ಮಾಡದಂತೆ ಮಾಡುವ ಗಾಯವೂ ಸೇರುತ್ತದೆ. 2024ರ ಜುಲೈ 1ಕ್ಕೆ ಮುಂಚಿನ ಘಟನೆಗಳಿಗೆ ಅನ್ವಯಿಸುವ ಹಳೆಯ ದಂಡ ಸಂಹಿತೆಯಲ್ಲಿ ಈ ಅವಧಿ 20 ದಿನ.

ತೋಟದ ಬೇಲಿಯ ಜಗಳದಲ್ಲಿ ದೊಣ್ಣೆಯ ಪೆಟ್ಟು ತಿಂದ ಕಾರ್ಮಿಕ ಮಹಿಳೆಯೊಬ್ಬರ ಪ್ರಕರಣದಲ್ಲಿ ಎಕ್ಸ್‌ರೇಯಲ್ಲಿ ಮೂಳೆ ಮುರಿತ ಕಾಣಲಿಲ್ಲವಾದ್ದರಿಂದ ಗಾಯದ ಪ್ರಮಾಣಪತ್ರದಲ್ಲಿ ಸಾದಾ ಗಾಯವೆಂದು ಬರೆಯಲಾಗಿತ್ತು. ಆದರೆ ಊದಿಕೊಂಡ ಮುಂಗೈಯಿಂದ ಅವರಿಗೆ ಕಾಫಿ ಹಣ್ಣು ಕೊಯ್ಯುವುದಿರಲಿ, ನೀರಿನ ಕೊಡ ಎತ್ತಲೂ ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ ದಿನಗಳನ್ನು ಎಣಿಸಿದರೆ ಸಾಲದು, ಕೆಲಸ ಮಾಡಲಾಗದ ಸ್ಥಿತಿಯನ್ನೇ ರುಜುವಾತು ಮಾಡಬೇಕು ಎಂಬುದು ನ್ಯಾಯಾಲಯಗಳ ನಿಲುವು. ಹಾಗಾಗಿ ತೋಟದ ಚೆಕ್‌ರೋಲನ್ನು, ಅಂದರೆ ಕಾರ್ಮಿಕರ ಹಾಜರಿ ಪುಸ್ತಕವನ್ನು, ತರಿಸಿಕೊಳ್ಳುವಂತೆ ತನಿಖಾಧಿಕಾರಿಗೆ ಲಿಖಿತ ಮನವಿ ಕೊಡಿಸಿದೆ. ಕೊಯ್ಲಿನ ದಿನಗಳಲ್ಲಿ ಅವರ ಹೆಸರಿನ ಮುಂದೆ 15 ದಿನ ಮೀರಿ ಹಾಜರಿಯೇ ಇರಲಿಲ್ಲ. ಆ ಪುಸ್ತಕ ಬರೆಯುವ ಎಸ್ಟೇಟ್ ರೈಟರ್ ಹೇಳಿಕೆ ಕೊಟ್ಟರು, ವೈದ್ಯರು ಮರುಪರೀಕ್ಷೆ ಮಾಡಿ ಅಭಿಪ್ರಾಯ ಬರೆದರು, ದೋಷಾರೋಪ ಪಟ್ಟಿ ತೀವ್ರ ಗಾಯಕ್ಕೆ ಶಿಕ್ಷೆ ಹೇಳುವ 117(2)ನೇ ಕಲಮಿನಡಿ ಸಲ್ಲಿಕೆಯಾಯಿತು. ಸಾದಾ ಗಾಯಕ್ಕೆ 115(2)ರಡಿ ಹೆಚ್ಚೆಂದರೆ ಒಂದು ವರ್ಷದ ಸೆರೆವಾಸವಿದ್ದರೆ, ಇಲ್ಲಿ ಏಳು ವರ್ಷದವರೆಗೆ ವಿಧಿಸಬಹುದು. ಕೂಲಿಯ ದಿನಗಳನ್ನು ಬರೆದಿಡುವ ಒಂದು ಪುಸ್ತಕಕ್ಕೆ ಇಷ್ಟು ಬೆಲೆಯಿದೆ ಎಂದು ಆ ಹೆಣ್ಣುಮಗಳಿಗೆ ಮಾತ್ರವಲ್ಲ, ಅದನ್ನು ಬರೆದ ರೈಟರಿಗೂ ತಿಳಿದಿರಲಿಲ್ಲ.

ಆಯುಧದ ವಿಚಾರ ಬೇರೆಯೇ. ಮಚ್ಚು, ಕತ್ತಿಯಂಥ ಕಡಿಯುವ ಸಾಧನದಿಂದ ಸಾದಾ ಗಾಯವಾದರೂ 118(1)ರಡಿ ಮೂರು ವರ್ಷದವರೆಗೆ ಶಿಕ್ಷೆಯುಂಟು. ತೀವ್ರ ಗಾಯವಾದರೆ 118(2)ರಡಿ ಕನಿಷ್ಠ ಒಂದು ವರ್ಷದಿಂದ ಹತ್ತು ವರ್ಷದವರೆಗೆ, ಇಲ್ಲವೇ ಜೀವಾವಧಿ. ದೊಣ್ಣೆಯಾದರೆ ಅದರ ಗಾತ್ರ ಮತ್ತು ಬಳಸಿದ ರೀತಿಯಿಂದ ಸಾವು ಸಂಭವಿಸಬಹುದಿತ್ತೇ ಎಂದು ನ್ಯಾಯಾಲಯ ನೋಡುತ್ತದೆ. ಆದ್ದರಿಂದ ಪಂಚನಾಮೆಯಲ್ಲಿ ಅದರ ಉದ್ದ, ದಪ್ಪ ದಾಖಲಾಗಲೇಬೇಕು. ಕೊಲೆಯತ್ನದ 109ನೇ ಕಲಮಿಗೆ ಮಾತ್ರ ಕೊಲ್ಲುವ ಉದ್ದೇಶ, ಅಥವಾ ಸಾವು ಸಂಭವಿಸಬಹುದೆಂಬ ಅರಿವು ಮುಖ್ಯ. ಗಾಯ ಚಿಕ್ಕದಾಗಿದ್ದರೂ ಆರೋಪ ನಿಲ್ಲಬಹುದು, ದೊಡ್ಡದಾಗಿದ್ದರೂ ಬೀಳಬಹುದು.

ಊರಿನ ಹಿರಿಯರು ರಾಜಿಗೆ ಕರೆದಾಗಲೂ ಈ ವರ್ಗೀಕರಣವೇ ಎದುರಾಗುತ್ತದೆ. ಸಾದಾ ಗಾಯದ ಪ್ರಕರಣವನ್ನು ಗಾಯಾಳುವೇ ರಾಜಿ ಮಾಡಿಕೊಳ್ಳಬಹುದು. 117(2)ಕ್ಕೆ ನ್ಯಾಯಾಲಯದ ಅನುಮತಿ ಬೇಕು. 118ನೇ ಕಲಂ ರಾಜಿಯಾಗಬಲ್ಲ ಅಪರಾಧಗಳ ಪಟ್ಟಿಯಲ್ಲೇ ಇಲ್ಲ. ಇದನ್ನು ತಿಳಿಸಿದ ಮೇಲೆಯೇ ನನ್ನ ಕಕ್ಷಿದಾರರನ್ನು ಆ ಮಾತುಕತೆಗೆ ಕಳುಹಿಸುತ್ತೇನೆ.