ನೈಜೀರಿಯಾದ ಲಾಗೋಸ್‌ಗೆ ಹೊಸದಾಗಿ ಬಂದಿದ್ದೀರಾ? ಹಬ್ಬದ ದಿನ ಬೀದಿಗೆ ಬನ್ನಿ

ಯೆಲ್ಲೋ ಫೀವರ್ ಲಸಿಕೆಯ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ, ಪರ್ಮಿಟ್ ವಿಷಯ ಕಂಪನಿಯವರನ್ನು ಕೇಳಿ. ಅಷ್ಟು ಸಾಕು. ನಾನು ಹೇಳಬೇಕಾದದ್ದು ಹಬ್ಬಗಳ ಬಗ್ಗೆ. ನಮ್ಮವರು ತುಂಬಾ ಜನ ವರ್ಷಗಟ್ಟಲೆ ಇಲ್ಲಿದ್ದೂ ಹಬ್ಬದ ದಿನ ಗೇಟ್ ಹಾಕಿಕೊಂಡು ಕೂತುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಲಾಗೋಸ್ ಐಲ್ಯಾಂಡಿನ ಏಯೋ ಹಬ್ಬಕ್ಕೆ ಇಂಥದೇ ತಾರೀಖು ಅಂತಿಲ್ಲ. ಇಲ್ಲಿನ ಅರಸ ಒಬಾ, ಇಲ್ಲವೇ ಊರಿನ ದೊಡ್ಡವರು ತೀರಿಕೊಂಡ ಮೇಲೆ ಅವರಿಗೆ ಗೌರವ ಸಲ್ಲಿಸಲು ನಡೆಯುತ್ತದೆ. 1854ರಲ್ಲಿ ಒಬಾ ಅಕಿಟೊಯೆ ನೆನಪಿಗೆ ನಡೆದದ್ದು ಇಂದಿಗೂ ಜನರ ಬಾಯಲ್ಲಿದೆ. 2017ರಲ್ಲಿ ಲಾಗೋಸ್ ರಾಜ್ಯಕ್ಕೆ 50 ತುಂಬಿದಾಗಲೂ ನಡೆಯಿತು.

ಆ ದಿನ ಕಾರ್ಟರ್ ಸೇತುವೆಯ ತುದಿಯಿಂದ ಟಿನುಬು ಸ್ಕ್ವೇರ್‌ವರೆಗೆ ವಾಹನಗಳಿಲ್ಲ. ರಸ್ತೆಯೇ ರಂಗ. ಏಯೋ ವೇಷ ಹಾಕಿದವರಿಗೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಮುಖವೂ ಮುಚ್ಚಿದೆ, ಕೈಯಲ್ಲಿ ಒಪಂಬಾಟಾ ಎಂಬ ಕೋಲು. ಯಾವ ಗುಂಪಿನವರು ಅಂತ ಗೊತ್ತಾಗುವುದು ಟೋಪಿಯ ಬಣ್ಣದಿಂದ. ಕಪ್ಪು ಟೋಪಿಯ ಆದಿಮು ಗುಂಪು ಎಲ್ಲಕ್ಕಿಂತ ಹಿರಿಯದು. ಲಾಬಾದವರದು ಕೆಂಪು, ಒನಿಕೊದವರದು ಹಳದಿ.

ವೇಷ, ಹಾಡು, ಪ್ರವೇಶದ ಕ್ರಮ ಎಲ್ಲ ಇರುವಾಗ ಇದು ನಾಟಕವೇ, ಪೂಜೆಯೇ ಅಂತ ಓದಿದವರು ವಾದ ಮಾಡುತ್ತಾರೆ. ನನಗೆ ಆ ಗೆರೆ ಬೇಕಾಗಿಲ್ಲ. ಭೂತಕೋಲದಲ್ಲಿ ಅಣಿ ಕಟ್ಟಿ ನಿಂತವರನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ, ಅಲ್ವಾ? ಇಲ್ಲೂ ಅಷ್ಟೇ. ಬಿಳಿ ಬಟ್ಟೆಯೊಳಗೆ ಯಾರಿದ್ದಾರೆ ಅಂತ ಕೇಳಬೇಡಿ. ಬಟ್ಟೆ ಎತ್ತಿ ನೋಡಲು ಮಕ್ಕಳನ್ನು ಬಿಡಬೇಡಿ.

ಈ ಆಟದಲ್ಲಿ ಸುಮ್ನೆ ನೋಡುವವರು ಅಂತ ಯಾರೂ ಇಲ್ಲ. ಬೀದಿಗಿಳಿದ ಮೇಲೆ ನಿಯಮ ನಿಮಗೂ ಇದೆ. ಚಪ್ಪಲಿ, ಸೈಕಲ್, ಸಿಗರೇಟು ಕೂಡದು. ಕೂದಲನ್ನು ನೆತ್ತಿಯ ಮೇಲೆ ಎತ್ತಿ ಹೆಣೆಯುವ ಸುಕು ಜಡೆ ಹೆಂಗಸರಿಗೆ ಆ ದಿನ ನಿಷಿದ್ಧ. ಪಕ್ಕದ ಮನೆಯ ಅಜ್ಜಿಯನ್ನು ಮೊದಲೇ ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ. ಸಾಧ್ಯವಾದರೆ ಅವರ ಜೊತೆಯಲ್ಲೇ ಹೋಗಿ.

ನನ್ನ ಮಕ್ಕಳಿಗೆ ಬಯಲಾಟದ ರಾತ್ರಿಗಳು ಸಿಗಲಿಲ್ಲ. ಚಾಪೆ ಮೇಲೆ ನಿದ್ದೆ ಹೋಗಿ ಚಂಡೆ ಸದ್ದಿಗೆ ಎಚ್ಚರಾಗುವ ಸುಖ ಅವರಿಗೆ ಗೊತ್ತಿಲ್ಲ. ಆ ಸಂಕಟ ನನಗೆ ಈಗಲೂ ಇದೆ. ಯೂಟ್ಯೂಬ್ ಅದನ್ನು ತುಂಬಿಕೊಡುವುದಿಲ್ಲ. ಆದರೆ ಊರೆಲ್ಲ ಸೇರಿ ಒಂದು ಕಥೆ ಕಟ್ಟುವುದನ್ನು ಅವರು ಇಲ್ಲಿನ ಗೆಳೆಯರ ಜೊತೆ ನಿಂತು ನೋಡಿದ್ದಾರೆ. ಅವರ ಬಾಲ್ಯ ಇಲ್ಲೇ ನಡೆಯುತ್ತಿದೆ. ಇಲ್ಲಿನ ಹಬ್ಬ ಅವರದೂ ಆಗಲಿ.

ಏಯೋಗೆ ಕಾಯಬೇಕಾಗಬಹುದು. ಒಶೊಗ್ಬೊ ಊರಿನ ಹಬ್ಬ ಹಾಗಲ್ಲ, ಪ್ರತಿ ಆಗಸ್ಟ್‌ನಲ್ಲಿ ನಡೆಯುತ್ತದೆ. ಅಲ್ಲಿನ ಒಶುನ್ ದೇವಿಯ ಕಾಡು 2005ರಿಂದ ವಿಶ್ವ ಪರಂಪರೆಯ ತಾಣ. ಅರುಗ್ಬಾ ಎಂಬ ಹುಡುಗಿ ಹರಕೆಯ ಸೋರೆಬುರುಡೆ ಹೊತ್ತು ಹೊಳೆಯ ಕಡೆ ನಡೆಯುತ್ತಾಳೆ. ಒಂದು ಮಾತಿಲ್ಲ, ಆದರೂ ಸಾವಿರಾರು ಜನರ ಕಣ್ಣು ಅವಳ ಪಾದದ ಮೇಲೆ. ಅವಳು ಎಡವಬಾರದು. ಮೆರವಣಿಗೆ ಸಾಗುವಾಗ ತಳ್ಳಾಟ ಜಾಸ್ತಿ. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ, ನೀರಿನ ಬಾಟಲಿ ಮರೆಯಬೇಡಿ.