ಪೋರ್ಟ್ಸ್ ಟ್ರೀ ಅಪ್‌ಡೇಟ್ ಅರ್ಧಕ್ಕೆ ನಿಂತರೆ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಇದೆ. ಮೊನ್ನೆ ಅದರ ಪೋರ್ಟ್ಸ್ ಟ್ರೀ, ಅಂದರೆ ಸಾಫ್ಟ್‌ವೇರ್ ಕಟ್ಟುವ ವಿಧಾನಗಳ ಫೋಲ್ಡರ್, ಗಿಟ್ ಎಂಬ ಸಾಧನದಿಂದ ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಕರೆಂಟ್ ಬಂದ ಮೇಲೆ ಹೊಸ ಬದಲಾವಣೆ ಇಳಿಸುವ ‘ಗಿಟ್ ಪುಲ್’ ಆಜ್ಞೆ ಕೊಟ್ಟರೆ, ಗಿಟ್ ಕೆಲಸದಲ್ಲಿರುವಾಗ ಇಟ್ಟುಕೊಳ್ಳುವ ‘ಇಂಡೆಕ್ಸ್ ಡಾಟ್ ಲಾಕ್’ ಫೈಲ್ ಆಗಲೇ ಇದೆ ಎಂದು ನಿಂತುಬಿಟ್ಟಿತು.

ಇಂಥ ಹೊತ್ತಲ್ಲಿ ಎಲ್ಲ ಅಳಿಸಿ ಹೊಸದಾಗಿ ಇಳಿಸಿಕೊಳ್ಳೋಣ ಅನ್ನಿಸುತ್ತೆ ಅಲ್ವಾ? ದಯವಿಟ್ಟು ಬೇಡ. ಟ್ರೀಯಲ್ಲಿ 30 ಸಾವಿರಕ್ಕೂ ಜಾಸ್ತಿ ಸಾಫ್ಟ್‌ವೇರ್‌ಗಳನ್ನು ಕಟ್ಟುವ ವಿಧಾನ ಬರೆದಿಟ್ಟಿರುತ್ತದೆ. ಸುಮ್ನೆ ಡೇಟಾ ಖರ್ಚು. ಮೊದಲು ಪರದೆಯ ಕೊನೆಯ ನಾಲ್ಕು ಸಾಲು ನಿಧಾನವಾಗಿ ಓದಿ.

ಲಾಕ್ ಎಂದಿದ್ದರೆ, ಬೇರೆ ಗಿಟ್ ಓಡುತ್ತಿದೆಯೇ ಎಂದು ‘ಪಿ-ಗ್ರೆಪ್ ಗಿಟ್’ ಕೊಟ್ಟು ನೋಡಿ. ಏನೂ ಬರದಿದ್ದರೆ ಪೋರ್ಟ್ಸ್ ಒಳಗಿನ ‘ಡಾಟ್ ಗಿಟ್’ ಫೋಲ್ಡರಿನಿಂದ ಆ ಲಾಕ್ ಫೈಲ್ ಒಂದನ್ನೇ ತೆಗೆಯಿರಿ. ಆಮೇಲೆ ಯಾವ ಫೈಲ್ ಬದಲಾಗಿದೆ ಎಂದು ‘ಗಿಟ್ ಸ್ಟೇಟಸ್’ ಕೊಟ್ಟು ನೋಡಿ. ನೀವು ಮುಟ್ಟದ ಫೈಲ್‌ಗಳೂ ಬದಲಾದಂತೆ ಕಂಡರೆ ‘ಗಿಟ್ ರಿಸೆಟ್ ಹಾರ್ಡ್’ ಸರಿಮಾಡುತ್ತದೆ. ನೀವೇ ತಿದ್ದಿದ್ದು ಏನಾದರೂ ಇದ್ದರೆ ಮೊದಲು ಕಾಪಿ ಇಟ್ಟುಕೊಳ್ಳಿ, ಅದೂ ಹೋಗುತ್ತದೆ. ಈಗ ಪುಲ್ ಕೊಡಿ. ನನಗೆ ಇಷ್ಟರಲ್ಲೇ ಮುಗಿಯಿತು.

‘ಇದು ಗಿಟ್ ರೆಪೊಸಿಟರಿ ಅಲ್ಲ’ ಎಂದರೆ ನಿಮ್ಮದು ಪೋರ್ಟ್‌ಸ್ನ್ಯಾಪ್ ಎಂಬ ಹಳೇ ಸಾಧನದಿಂದ ಇಳಿಸಿದ ಟ್ರೀ ಇರಬಹುದು. 2023ರ ನವೆಂಬರಿನಲ್ಲಿ ಬಂದ ಫ್ರೀಬಿಎಸ್‌ಡಿ 14.0ರಿಂದ ಪೋರ್ಟ್‌ಸ್ನ್ಯಾಪ್ ಇಲ್ಲ. ಇಲ್ಲಿ ಮಾತ್ರ ‘ಗಿಟ್ ಕ್ಲೋನ್’ ಕೊಟ್ಟು ಇಡೀ ಟ್ರೀಯನ್ನು ಹೊಸದಾಗಿ ಇಳಿಸಲೇಬೇಕು. ಆದರೆ ‘ಡಿಸ್ಟ್‌ಫೈಲ್ಸ್’ ಫೋಲ್ಡರನ್ನು ಬೇರೆ ಕಡೆ ಸರಿಸಿಡಿ. ಆಗಲೇ ಇಳಿಸಿದ ಮೂಲ ಫೈಲ್‌ಗಳೆಲ್ಲ ಅಲ್ಲಿರುತ್ತವೆ. ಉಳಿದದ್ದನ್ನು, ಚುಕ್ಕಿಯಿಂದ ಶುರುವಾಗುವ ಫೈಲ್ ಸಮೇತ, ಖಾಲಿ ಮಾಡಿ. ಒಂದೇ ಒಂದು ಉಳಿದರೂ ಕ್ಲೋನ್ ಆಗಲ್ಲ. ‘ಡೆಪ್ತ್ 1’ ಸೇರಿಸಿದರೆ ಹಳೇ ಇತಿಹಾಸ ಬಿಟ್ಟು ಇವತ್ತಿನದಷ್ಟೇ ಇಳಿಯುತ್ತದೆ.

ಸರ್ಟಿಫಿಕೇಟ್ ತಪ್ಪು ಎಂದರೆ ನೆಟ್‌ಗೆ ಬೈಯುವ ಮೊದಲು ‘ಡೇಟ್’ ಕೊಟ್ಟು ನೋಡಿ. ಹಳೇ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರಬಹುದು, ಆಗ ಸರ್ಟಿಫಿಕೇಟಿನ ಅವಧಿ ತಾಳೆಯಾಗಲ್ಲ. ಗಡಿಯಾರ ಸರಿಮಾಡಿ, ಬ್ಯಾಟರಿ ಬದಲಿಸಿ. ಜಾಗವಿಲ್ಲ ಎಂದರೆ ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ‘ಡಿಎಫ್’ ಹೇಳುತ್ತದೆ.

ಟ್ರೀ ಹೊಸದಾಯಿತು ಎಂದು ತಕ್ಷಣ ಸಾಫ್ಟ್‌ವೇರ್ ಕಟ್ಟಲು ಕೂರಬೇಡಿ. ಅದರಲ್ಲೇ ‘ಅಪ್‌ಡೇಟಿಂಗ್’ ಎಂಬ ಫೈಲ್ ಇದೆ. ಯಾವ ಸಾಫ್ಟ್‌ವೇರಿಗೆ ಕೈಯಾರೆ ಏನು ಮಾಡಬೇಕು ಎಂದು ತಾರೀಖಿನ ಸಮೇತ ಬರೆದಿರುತ್ತಾರೆ. ಹೋದ ಸಲ ಅಪ್‌ಡೇಟ್ ಮಾಡಿದ ದಿನದವರೆಗೆ ಮೇಲಿನಿಂದ ಓದುತ್ತಾ ಬನ್ನಿ.